ಮೊದಲು ದೊಡ್ಡ ಮುಳ್ಳು ತೆಗೆದಿಡಿ

ಸೆಕೆಂಡ್ ಇಯರ್‌ಗೆ ಬಂದ ಮೇಲೆ ನಮಗೆಲ್ಲ ಪ್ಲೇಸ್‌ಮೆಂಟ್ ಟ್ರೈನಿಂಗ್ ಅಂತ ಹೊಸದೊಂದು ಪೀರಿಯಡ್ ಶುರುವಾಗಿದೆ. ಅದರ ಆಪ್ಟಿಟ್ಯೂಡ್ ಭಾಗದಲ್ಲಿ ರೈಲು, ದೋಣಿ, ನೀರಿನ ಟ್ಯಾಂಕು ಎಲ್ಲ ಮುಗಿದ ಮೇಲೆ ಗಡಿಯಾರ ಬರುತ್ತೆ. ಪ್ರಶ್ನೆ ಹೀಗಿರುತ್ತೆ: ಮೂರೂವರೆ ಗಂಟೆಗೆ ಎರಡು ಮುಳ್ಳುಗಳ ನಡುವಿನ ಕೋನ ಎಷ್ಟು? ಹಿಂದಿನ ಬೆಂಚಿನಿಂದ ಥಟ್ ಅಂತ ಬರೋ ಉತ್ತರ 90 ಡಿಗ್ರಿ. ಸರಿಯಾದ ಉತ್ತರ 75. ಯಾಕಂದ್ರೆ ದೊಡ್ಡ ಮುಳ್ಳು ಆರಕ್ಕೆ ಬರೋಷ್ಟರಲ್ಲಿ ಚಿಕ್ಕ ಮುಳ್ಳು ಮೂರರಲ್ಲೇ ಕೂತಿರಲ್ಲ, ಮೂರು ಮತ್ತು ನಾಲ್ಕರ ಸರಿ ಮಧ್ಯಕ್ಕೆ ಬಂದಿರುತ್ತೆ. ಆಮೇಲೆ ಬೋರ್ಡ್ ಮೇಲೆ ಸೂತ್ರ ಬರುತ್ತೆ. ಗಂಟೆಯನ್ನು 30ರಿಂದ ಗುಣಿಸು, ನಿಮಿಷವನ್ನು ಐದೂವರೆಯಿಂದ ಗುಣಿಸು, ದೊಡ್ಡದರಲ್ಲಿ ಚಿಕ್ಕದನ್ನು ಕಳೆ. ಎಲ್ಲರೂ ಬರ್ಕೋತಾರೆ, ಎಲ್ಲರ ಉತ್ತರವೂ ಸರಿಯಾಗುತ್ತೆ, ಮುಂದಿನ ಚಾಪ್ಟರ್‌ಗೆ ಹೋಗ್ತೀವಿ.

ಈ 90 ಎಲ್ಲಿಂದ ಬಂತು ಅನ್ನೋದೇ ಈ ಲೇಖನದ ವಿಷಯ. ಇಂಟಿಗ್ರೇಷನ್ ಮಾಡೋಕೆ ಬರೋ ತಲೆಗೆ ಅರ್ಧ ಡಿಗ್ರಿಯ ಲೆಕ್ಕ ಕಷ್ಟ ಅಲ್ಲ. ಆದರೆ ಗಡಿಯಾರದ ಚಿತ್ರ ನಮ್ಮ ತಲೆಯೊಳಗೆ ಕೂತಿದ್ದು ಆರೇಳು ವರ್ಷದವರಿದ್ದಾಗ. ಅವತ್ತು ಕೂತ ಚಿತ್ರದಲ್ಲಿ ಚಿಕ್ಕ ಮುಳ್ಳು ಅಲ್ಲಾಡ್ತಾನೇ ಇರಲಿಲ್ಲ.

ಒಂದನೇ ಕ್ಲಾಸು, ಎರಡನೇ ಕ್ಲಾಸಿನ ಕ್ರಾಫ್ಟ್ ನೆನಪು ಮಾಡ್ಕೊಳ್ಳಿ. ಪೇಪರ್ ಪ್ಲೇಟು ಅಥವಾ ಹಳೇ ನೋಟ್‌ಬುಕ್ಕಿನ ರಟ್ಟು, ಸುತ್ತ ಹನ್ನೆರಡು ಅಂಕಿ, ಮಧ್ಯ ಒಂದು ಪಿನ್, ಎರಡು ಬಣ್ಣದ ಕಾಗದದ ಮುಳ್ಳು. ನೋಡೋಕೆ ಚೆನ್ನಾಗಿರುತ್ತೆ, ಮಕ್ಕಳಿಗೂ ಖುಷಿ. ಆದರೆ ಆ ಗಡಿಯಾರದ ಎರಡು ಮುಳ್ಳುಗಳಿಗೆ ಸಂಬಂಧವೇ ಇಲ್ಲ. ಒಂದನ್ನು ತಿರುಗಿಸಿದರೆ ಇನ್ನೊಂದು ಸುಮ್ಮನಿರುತ್ತೆ. ಹಾಗಾಗಿ ಮಗು ಮೂರೂವರೆ ತೋರಿಸುವಾಗ ಚಿಕ್ಕ ಮುಳ್ಳನ್ನು ಮೂರರ ಮೇಲೆ ನೆಟ್ಟಗೆ ಇಡುತ್ತೆ, ದೊಡ್ಡದನ್ನು ಆರಕ್ಕೆ ಇಡುತ್ತೆ. ಮಿಸ್ "ವೆರಿ ಗುಡ್" ಅಂತಾರೆ. ಜಗತ್ತಿನ ಯಾವ ಸರಿಯಾದ ಗಡಿಯಾರವೂ ಯಾವ ಹೊತ್ತಿನಲ್ಲೂ ತೋರಿಸದ ಸಮಯ ಅದು. ಎಷ್ಟೋ ವರ್ಕ್‌ಶೀಟುಗಳಲ್ಲೂ ಚಿತ್ರ ಹೀಗೇ ಇರುತ್ತೆ. ಅಂದ್ರೆ ಗಡಿಯಾರ ಅನ್ನೋ ಯಂತ್ರದ ಮುಖ್ಯ ಗುಟ್ಟನ್ನೇ ಬಿಟ್ಟು, ಗಡಿಯಾರ ಓದೋದನ್ನ ಕಲಿಸಿದ ಹಾಗಾಯ್ತು.

ನಮ್ಮ ವಾದ ಇಷ್ಟೇ. ಮುಳ್ಳಿನ ಗಡಿಯಾರ ಓದೋದನ್ನ ಮಕ್ಕಳಿಗೆ ಇವತ್ತಿಗೂ ಕಲಿಸಬೇಕು. ಕಲಿಸೋವಾಗ ಮೊದಲು ಚಿಕ್ಕ ಮುಳ್ಳೊಂದನ್ನೇ ಕಲಿಸಬೇಕು. ಮತ್ತೆ ಅದನ್ನ ಕನ್ನಡದಲ್ಲಿ ಕಲಿಸಬೇಕು. ಮೂರನೆಯದು ಕನ್ನಡ ಸಂಘದ ಪತ್ರಿಕೆಗೆ ಬರೀತಿದ್ದೀವಿ ಅಂತ ಸೇರಿಸಿದ್ದಲ್ಲ. ಅದಕ್ಕೆ ಗಣಿತದ ಕಾರಣವೇ ಇದೆ, ಮುಂದೆ ಹೇಳ್ತೀವಿ.

ಮೊದಲು ಚಿಕ್ಕ ಮುಳ್ಳಿನ ವಿಷಯ. ಯುರೋಪಿನ ಹಳೇ ಗೋಪುರ ಗಡಿಯಾರಗಳಲ್ಲಿ ಬಹಳಷ್ಟಕ್ಕೆ ಇದ್ದಿದ್ದು ಒಂದೇ ಮುಳ್ಳು, ಗಂಟೆಯ ಮುಳ್ಳು. ಆ ಯಂತ್ರಗಳು ದಿನಕ್ಕೆ ಎಷ್ಟೋ ನಿಮಿಷ ಹಿಂದೆ ಮುಂದೆ ಓಡುತ್ತಿದ್ದವು, ಹಾಗಿರುವಾಗ ನಿಮಿಷ ತೋರಿಸಿ ಏನು ಪ್ರಯೋಜನ? 1656ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದ ಮೇಲೆ ನಿಖರತೆ ಬಂತು, ಆಮೇಲೆ ನಿಮಿಷದ ಮುಳ್ಳು ಸಾಮಾನ್ಯ ಆಯ್ತು. ಅಲ್ಲಿಯವರೆಗೆ ಜನ ಒಂದೇ ಮುಳ್ಳು ನೋಡಿ ಸಂತೆಗೂ ಹೋದರು, ಚರ್ಚಿಗೂ ಹೋದರು. ಮುಳ್ಳು ಮೂರು ದಾಟಿ ನಾಲ್ಕರ ಕಡೆ ಅರ್ಧ ದಾರಿ ಬಂದಿದ್ರೆ ಮೂರೂವರೆ. ಮುಕ್ಕಾಲು ದಾರಿ ಬಂದಿದ್ರೆ ಮೂರೂಮುಕ್ಕಾಲು. ಸಮಯ ಪೂರ್ತಿ ಆ ಒಂದು ಮುಳ್ಳಿನಲ್ಲೇ ಇದೆ.

ಹಾಗಾದ್ರೆ ದೊಡ್ಡ ಮುಳ್ಳು ಯಾಕೆ? ಪಿಯುಸಿ ಲ್ಯಾಬಿನ ಸ್ಕ್ರೂ ಗೇಜ್ ನೆನಪಿದೆಯಲ್ಲ. ಪಿಚ್ ಸ್ಕೇಲ್ ಮೇಲೆ ಒಂದು ಮಿಲಿಮೀಟರ್ ಸರಿಯಬೇಕಾದ್ರೆ ತಲೆ ಪೂರ್ತಿ ಒಂದು ಸುತ್ತು ತಿರುಗಬೇಕು. ಪಿಚ್ ಸ್ಕೇಲ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆಯನ್ನು ಹೆಡ್ ಸ್ಕೇಲ್ ದೊಡ್ಡದು ಮಾಡಿ ತೋರಿಸುತ್ತೆ. ಗಡಿಯಾರವೂ ಹಾಗೇ. ಚಿಕ್ಕ ಮುಳ್ಳು ಒಂದು ಗಂಟೆಯಲ್ಲಿ 30 ಡಿಗ್ರಿ ಮಾತ್ರ ಹೋಗುತ್ತೆ, ನಿಮಿಷಕ್ಕೆ ಅರ್ಧ ಡಿಗ್ರಿ. ಅಷ್ಟು ಸಣ್ಣದು ಕಣ್ಣಿಗೆ ಕಾಣಲ್ಲ ಅಂತ ಆ 30 ಡಿಗ್ರಿಯನ್ನೇ ಹನ್ನೆರಡು ಪಟ್ಟು ಹಿಗ್ಗಿಸಿ 360 ಡಿಗ್ರಿ ಮಾಡಿ ಇನ್ನೊಂದು ಮುಳ್ಳಿಗೆ ಕೊಟ್ಟಿದ್ದಾರೆ. ಒಳಗೆ ಇರೋದು ಹನ್ನೆರಡಕ್ಕೆ ಒಂದರ ಗೇರ್ ಅನುಪಾತ. ಮೆಕ್ಯಾನಿಕಲ್ ಗೆಳೆಯರಿಗೆ ಇದು ಗೊತ್ತೇ ಇರುತ್ತೆ. ಇಸಿಯವರಿಗೆ ಇನ್ನೊಂದು ಹೇಳ್ತೀವಿ: ಗೋಡೆ ಗಡಿಯಾರದ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಅಂದ್ರೆ ಎರಡರ ಹದಿನೈದನೇ ಘಾತ. ಹದಿನೈದು ಸಲ ಎರಡರಿಂದ ಭಾಗಿಸಿದರೆ ಸೆಕೆಂಡಿಗೆ ಒಂದು. ಅಲ್ಲಿಂದ ಮುಂದೆ ಎಲ್ಲ ಗೇರಿನ ಕೆಲಸ. ಎರಡು ಮುಳ್ಳು ಎರಡು ಬೇರೆ ಬೇರೆ ಸುದ್ದಿ ಹೇಳ್ತಿಲ್ಲ. ಒಂದೇ ಸುದ್ದಿಯನ್ನು ಒಂದು ಸಣ್ಣ ಅಕ್ಷರದಲ್ಲಿ, ಇನ್ನೊಂದು ದೊಡ್ಡ ಅಕ್ಷರದಲ್ಲಿ ಹೇಳ್ತಿವೆ.

ಮಗುವಿಗೆ ಕಷ್ಟ ಆಗೋದು ಇಲ್ಲೇ. ನಾವು ಮೊದಲ ದಿನವೇ ಎರಡು ಮುಳ್ಳನ್ನೂ ಅದರ ಮುಂದೆ ಇಡ್ತೀವಿ. ಚಿಕ್ಕ ಮುಳ್ಳು ಮೂರರಲ್ಲಿದ್ರೆ ಮೂರು ಅನ್ನು, ದೊಡ್ಡ ಮುಳ್ಳು ಅದೇ ಮೂರರಲ್ಲಿದ್ರೆ ಹದಿನೈದು ಅನ್ನು ಅಂತೀವಿ. ಬರೆದಿರೋ ಅಂಕಿ ಒಂದು, ಅರ್ಥ ಎರಡು. ಆ ವಯಸ್ಸಿಗೆ ಐದರ ಮಗ್ಗಿಯೇ ಸರಿಯಾಗಿ ಬಂದಿರಲ್ಲ. ಇದರ ಮೇಲೆ ಜ್ಯಾಂ ಪಿಯಾಜೆ ಗಮನಿಸಿದ ಇನ್ನೊಂದು ತೊಡಕಿದೆ. ಮಕ್ಕಳು ಕಾಲವನ್ನು ಹೇಗೆ ಗ್ರಹಿಸ್ತಾರೆ ಅಂತ ಆತ 1946ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದ. ಚಿಕ್ಕ ಮಕ್ಕಳಿಗೆ ಕಾಲ, ದೂರ, ವೇಗ ಮೂರೂ ಕಲಸಿಹೋಗಿರುತ್ತೆ, ಹೆಚ್ಚು ದೂರ ಹೋದದ್ದು ಹೆಚ್ಚು ಹೊತ್ತು ಹೋಯ್ತು ಅಂತ ಅಂದುಕೊಳ್ತಾರೆ ಅನ್ನೋದು ಆತನ ಮಾತು. ಈಗ ಗಡಿಯಾರ ನೋಡಿ. ಒಂದು ಮುಳ್ಳು ಇಡೀ ಸುತ್ತು ಓಡಿದೆ, ಇನ್ನೊಂದು ಒಂದೇ ಮನೆ ಸರಿದಿದೆ, ಆದರೆ ಎರಡಕ್ಕೂ ಆಗಿದ್ದು ಅದೇ ಒಂದು ಗಂಟೆ. ಇದನ್ನ ಮೊದಲ ದಿನವೇ ಒಪ್ಪಿಕೋ ಅಂದ್ರೆ ಪಾಪ ಅದು ಏನು ಮಾಡಬೇಕು? ಬಾಯಿಪಾಠ ಮಾಡುತ್ತೆ. ಬಾಯಿಪಾಠ ಮಾಡಿದ ಮಗುವೇ ಮುಂದೆ 90 ಡಿಗ್ರಿ ಅನ್ನುತ್ತೆ.

ಈಗ ಕನ್ನಡದ ವಿಷಯಕ್ಕೆ ಬರೋಣ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆಲ್ಲ ಗಡಿಯಾರ ಕಲಿಸಿದ್ದು "ಕ್ವಾರ್ಟರ್ ಪಾಸ್ಟ್", "ಹಾಫ್ ಪಾಸ್ಟ್", "ಕ್ವಾರ್ಟರ್ ಟು" ಅಂತ. ಮೊದಲ ಎರಡರಲ್ಲಿ ಕಳೆದ ಗಂಟೆಯ ಹೆಸರು ಹೇಳ್ತಾರೆ. ಮೂರನೆಯದರಲ್ಲಿ ಇದ್ದಕ್ಕಿದ್ದ ಹಾಗೆ ಇನ್ನೂ ಬಾರದ ಗಂಟೆಯ ಹೆಸರು. ಒಂಬತ್ತರ ಮೇಲೆ ಕಾಲು, ಒಂಬತ್ತರ ಮೇಲೆ ಅರ್ಧ, ಆಮೇಲೆ ಹತ್ತಕ್ಕೆ ಕಾಲು ಕಮ್ಮಿ. ಕೂಡ್ತಾ ಹೋಗುತ್ತಿದ್ದ ಮಗು ನಡುದಾರಿಯಲ್ಲಿ ತಿರುಗಿ ಕಳೆಯೋಕೆ ಶುರು ಮಾಡಬೇಕು. ಹಿಂದಿಯಲ್ಲೂ ಹೀಗೇ, ಹಾಸ್ಟೆಲ್‌ನ ಉತ್ತರದ ಗೆಳೆಯರು "ಪೌನೇ ದಸ್" ಅಂದ್ರೆ ಹತ್ತಕ್ಕೆ ಕಾಲು ಕಮ್ಮಿ ಅಂತ. ಜರ್ಮನ್ ಕಲಿಯೋಕೆ ಹೊರಟಿರುವ ಎಂಎಸ್ ಆಕಾಂಕ್ಷಿಗಳಿಗೆ ಇನ್ನೂ ಮಜಾ ಇದೆ. ಅಲ್ಲಿ "ಅರ್ಧ ಹತ್ತು" ಅಂದ್ರೆ ಒಂಬತ್ತೂವರೆ.

ಕನ್ನಡದಲ್ಲಿ? ಒಂಬತ್ತೂಕಾಲು, ಒಂಬತ್ತೂವರೆ, ಒಂಬತ್ತೂಮುಕ್ಕಾಲು, ಹತ್ತು. ಒಂಬತ್ತು ಮತ್ತೆ ಕಾಲು, ಒಂಬತ್ತು ಮತ್ತೆ ಅರೆ, ಒಂಬತ್ತು ಮತ್ತೆ ಮುಕ್ಕಾಲು. ಸಂಖ್ಯಾರೇಖೆ ಮೇಲೆ ನಡೆದ ಹಾಗೆ ಒಂದೇ ದಿಕ್ಕು. ಹತ್ತು ಆಗೋವರೆಗೂ ಅದು ಒಂಬತ್ತೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಗಂಟೆಯ ಹೆಸರು ಒಂದು ಫ್ಲೋರ್ ಫಂಕ್ಷನ್. ಮುಕ್ಕಾಲು ಅನ್ನೋ ಪದವನ್ನೇ ಬಿಡಿಸಿ ನೋಡಿ, ಮೂರು ಕಾಲು. ಭಿನ್ನರಾಶಿಯ ಅಂಶ ಪದದೊಳಗೇ ಕೂತಿದೆ. ಕಾಲು ಕೆಜಿ ಬೀನ್ಸ್, ಅರ್ಧ ಲೀಟರ್ ಹಾಲು, ಮುಕ್ಕಾಲು ಮೀಟರ್ ಬಟ್ಟೆ ಅಂತ ಅಂಗಡಿಯಲ್ಲಿ ಕೇಳಿದ ಪದಗಳೇ ಗಡಿಯಾರದಲ್ಲೂ ಬರುತ್ತವೆ. ಚಿಕ್ಕ ಮುಳ್ಳು ಒಂಬತ್ತರಿಂದ ಹತ್ತರ ಕಡೆ ಎಷ್ಟು ದೂರ ಹೋಗಿದೆಯೋ ಅದನ್ನೇ ಕನ್ನಡದ ಹೆಸರು ಹೇಳುತ್ತೆ. ದೊಡ್ಡ ಮುಳ್ಳಿನ ಹಂಗೇ ಬೇಡ. ತಮಿಳು, ತೆಲುಗಿನಲ್ಲೂ ಒಂಬತ್ತರ ಮೇಲೆ ಮುಕ್ಕಾಲು ಅಂತಲೇ ಹೇಳ್ತಾರೆ, ಹಾಗಾಗಿ ಇದು ನಮ್ಮೊಬ್ಬರ ಹೆಗ್ಗಳಿಕೆ ಅಲ್ಲ. ಆದರೆ ಕೈಯಲ್ಲಿರೋ ಇಷ್ಟು ಒಳ್ಳೆ ಉಪಕರಣವನ್ನು ಅಟ್ಟಕ್ಕೆ ಹಾಕಿದ್ದೀವಿ ಅನ್ನೋದಂತೂ ನಿಜ. ಇವತ್ತು ನಮ್ಮ ಕ್ಲಾಸ್ ಗ್ರೂಪಿನಲ್ಲಿ "ಒಂಬತ್ತೂಮುಕ್ಕಾಲಿಗೆ ಲ್ಯಾಬ್" ಅಂತ ಮೆಸೇಜ್ ಬಂದ್ರೆ "ಅಂದ್ರೆ ನೈನ್ ಫಾರ್ಟಿ ಫೈವಾ?" ಅಂತ ಕೇಳೋರು ಒಬ್ಬರಾದ್ರೂ ಇರ್ತಾರೆ. ಕೇಳೋರು ಕನ್ನಡದವರೇ.

ಇನ್ನೂ ಒಂದು ಪದ ಇದೆ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಇಂಗ್ಲಿಷಿನಲ್ಲಿ ಗಡಿಯಾರದ್ದೇ ಹೆಸರು, ಕ್ಲಾಕ್‌ವೈಸ್. ಗಡಿಯಾರ ಗೊತ್ತಿಲ್ಲದ ಮಗುವಿಗೆ ಅದರಿಂದ ಏನೂ ತಿಳಿಯಲ್ಲ. ಕನ್ನಡದಲ್ಲಿ ಅದು ಪ್ರದಕ್ಷಿಣ ದಿಕ್ಕು. ಅಜ್ಜಿ ಕೈ ಹಿಡ್ಕೊಂಡು ಗುಡಿ ಸುತ್ತಿರೋ ಮಗುವಿನ ಕಾಲಿಗೆ ಆ ದಿಕ್ಕು ಮೊದಲೇ ಗೊತ್ತು. ಮುಳ್ಳು ಹೀಗೇ ಯಾಕೆ ತಿರುಗುತ್ತೆ ಅಂತ ಕೇಳಿದ್ರೆ ಅಂಗಳದಲ್ಲಿ ಒಂದು ಕೋಲು ನೆಟ್ಟು ಡಿಸೆಂಬರ್ ರಜೆಯಲ್ಲಿ ತೋರಿಸಬಹುದು. ಬೆಳಿಗ್ಗೆ ನೆರಳು ಪಶ್ಚಿಮದ ಕಡೆ, ಮಧ್ಯಾಹ್ನ ಉತ್ತರಕ್ಕೆ, ಸಂಜೆ ಪೂರ್ವಕ್ಕೆ. ಯಾಂತ್ರಿಕ ಗಡಿಯಾರ ಹುಟ್ಟಿದ್ದು ಉತ್ತರಾರ್ಧಗೋಳದಲ್ಲಿ, ನೆರಳು ಸುತ್ತುವ ದಿಕ್ಕೇ ಮುಳ್ಳಿಗೂ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹಾಸ್ಟೆಲ್ ಮೆಸ್ಸಿನ ಒಂದು ಸಂಗತಿ ಹೇಳಬೇಕು. ಅಲ್ಲಿ ಅಡುಗೆ ಮಾಡುವವರೊಬ್ಬರ ಮಗಳು ಎರಡನೇ ಕ್ಲಾಸು. ಸ್ಕೂಲು ಬಿಟ್ಟ ಮೇಲೆ ಅಪ್ಪನ ಕೆಲಸ ಮುಗಿಯೋವರೆಗೂ ಮೆಸ್ಸಿನ ಮೂಲೆ ಟೇಬಲ್ಲಿನಲ್ಲಿ ಕೂತು ಹೋಮ್‌ವರ್ಕ್ ಮಾಡ್ತಾಳೆ. "ಅಪ್ಪಾ, ಎಷ್ಟೊತ್ತಿಗೆ ಮನೆಗೆ ಹೋಗೋದು?" ಅಂತ ಅವಳು ಕೇಳೋದು, "ಇನ್ನೈದು ನಿಮಿಷ ಪುಟ್ಟಾ" ಅಂತ ಒಳಗಿಂದ ಉತ್ತರ ಬರೋದು ದಿನಾ ನಡೆಯೋದೇ. ನಾವು ನಾಲ್ಕು ಜನ ಸೇರಿ ಅವಳಿಗೆ ಗಡಿಯಾರ ಕಲಿಸೋಕೆ ಕೂತ್ವಿ. ಹಳೇ ಗೋಡೆ ಗಡಿಯಾರ ಒಂದರ ಗಾಜು ಬಿಚ್ಚಿ ಸೆಕೆಂಡ್ ಮುಳ್ಳು, ನಿಮಿಷದ ಮುಳ್ಳು ಎರಡನ್ನೂ ಮೆಲ್ಲಗೆ ಎತ್ತಿ ಡಬ್ಬಿಗೆ ಹಾಕಿ ಮೂರು ದಿನ ಬರೀ ಚಿಕ್ಕ ಮುಳ್ಳು ತೋರಿಸಿದ್ವಿ. ಅದು ಒಂದು ಅಂಕಿಯಿಂದ ಮುಂದಿನ ಅಂಕಿಗೆ ಹೋಗೋ ಜಾಗಕ್ಕೆ ಅವಳೇ ಮನೆ ಅಂತ ಹೆಸರಿಟ್ಟಳು, ಚೌಕಾಬಾರದ ಮನೆ ಥರ. "ಅಣ್ಣ, ಈಗ ಐದರ ಮನೇಲಿದೆ, ಆರಕ್ಕೆ ಇನ್ನೂ ಹೋಗಿಲ್ಲ" ಅನ್ನೋಳು.

ಮಕ್ಕಳು ಸಾಮಾನ್ಯವಾಗಿ ಎಡವೋ ಜಾಗ ಒಂಬತ್ತೂ ಐವತ್ತು. ಚಿಕ್ಕ ಮುಳ್ಳು ಹತ್ತಕ್ಕೆ ಅಂಟಿಕೊಂಡ ಹಾಗೆ ಕಾಣುತ್ತೆ, ಮಗು ಹತ್ತೂ ಐವತ್ತು ಅನ್ನುತ್ತೆ. ಇವಳು ಅಲ್ಲಿ ಎಡವಲಿಲ್ಲ. ಹತ್ತನ್ನು ದಾಟಿಲ್ಲ, ಹಾಗಾದ್ರೆ ಒಂಬತ್ತರ ಮನೆ, ಅಷ್ಟೇ. ಎರಡು ವಾರ ಆದ ಮೇಲೆ ಒಂದು ಸಂಜೆ ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಅಂದಿದ್ದು: "ಅಪ್ಪಾ, ನೀನು ಐದು ನಿಮಿಷ ಅಂದಾಗ ದೊಡ್ಡ ಮುಳ್ಳು ಎರಡರ ಮೇಲಿತ್ತು. ಈಗ ಎಂಟರ ಮೇಲಿದೆ." ಅರ್ಧ ಗಂಟೆ. ಅವಳಪ್ಪ ಸೌಟು ಹಿಡ್ಕೊಂಡೇ ನಕ್ಕುಬಿಟ್ಟರು. ಮಾರನೇ ದಿನದಿಂದ ಅವರ ಉತ್ತರ ಬದಲಾಯ್ತು. "ದೊಡ್ಡ ಮುಳ್ಳು ಆರಕ್ಕೆ ಬರಲಿ ಪುಟ್ಟಾ, ಹೊರಡೋಣ" ಅಂತಾರೆ. ಅವಳು ಒಂದು ಸಲ ಗೋಡೆ ನೋಡಿ, ಅಷ್ಟರೊಳಗೆ ಏನು ಮಾಡಬಹುದು ಅಂತ ತಾನೇ ಲೆಕ್ಕ ಹಾಕಿ, ಡ್ರಾಯಿಂಗ್ ಬುಕ್ ತೆಗೀತಾಳೆ.

ನಮಗೆ ಈ ವಿಷಯ ಮುಖ್ಯ ಅನ್ನಿಸಿದ್ದು ಇಲ್ಲಿ. ದೊಡ್ಡವರು ಮಕ್ಕಳಿಗೆ ಹೇಳುವ "ಐದು ನಿಮಿಷ", "ಈಗ ಬಂದೆ", "ಸ್ವಲ್ಪ ಹೊತ್ತು" ಇದ್ಯಾವುದಕ್ಕೂ ಅಳತೆ ಇಲ್ಲ. ಗಡಿಯಾರ ಬಾರದ ಮಗುವಿಗೆ ಅದನ್ನು ನಂಬೋದು ಬಿಟ್ಟು ಬೇರೆ ದಾರಿಯೂ ಇಲ್ಲ. ಕಾಯಬೇಕು, ಮತ್ತೆ ಕೇಳಬೇಕು, ಬೈಸ್ಕೋಬೇಕು. ಗಡಿಯಾರ ಓದೋಕೆ ಬಂದ ದಿನ ಮಗುವಿನ ಕೈಗೂ ಅಳತೆಗೋಲು ಸಿಗುತ್ತೆ. ದೊಡ್ಡವರ ಮಾತನ್ನು ಅದು ಅಳೆಯಬಹುದು. ತನ್ನ ಹೊತ್ತನ್ನು ತಾನೇ ಹಂಚಿಕೊಳ್ಳಬಹುದು. ಇದು ಗಣಿತದ ಪಾಠಕ್ಕಿಂತ ದೊಡ್ಡದು.

"ಅದಕ್ಕೆ ಡಿಜಿಟಲ್ ಗಡಿಯಾರ ಸಾಲದಾ?" ಅಂತ ನೀವು ಕೇಳ್ತೀರಿ, ಕೇಳಲೇಬೇಕು. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಅಪ್ಪಂದಿರ ಕಾಲದ ಲಾಗ್ ಟೇಬಲ್ ಈಗ ಯಾರಿಗೆ ಬೇಕು? ಸ್ಲೈಡ್ ರೂಲ್ ಮ್ಯೂಸಿಯಂ ಸೇರಿತು, ಯಾರೂ ಅಳಲಿಲ್ಲ. ಬ್ರಿಟನ್ನಿನ ಕೆಲವು ಶಾಲೆಗಳು ಪರೀಕ್ಷಾ ಕೋಣೆಯ ಮುಳ್ಳಿನ ಗಡಿಯಾರ ತೆಗೆದು ಡಿಜಿಟಲ್ ಹಾಕುತ್ತಿವೆ, ಹುಡುಗರಿಗೆ ಓದೋಕೆ ಬರದೆ ಗಾಬರಿ ಆಗ್ತಾರೆ ಅಂತ, 2018ರಲ್ಲಿ ಸುದ್ದಿ ಬಂದಿತ್ತು. ಪರೀಕ್ಷೆ ದಿನ ಹುಡುಗರಿಗೆ ಗಾಬರಿ ಆಗಬಾರದು ಅನ್ನೋದು ಸರಿಯಾದ ಕಾಳಜಿಯೇ.

ಆದರೆ ಎರಡೂ ಗಡಿಯಾರ ಉತ್ತರಿಸೋ ಪ್ರಶ್ನೆ ಬೇರೆ ಬೇರೆ. ಡಿಜಿಟಲ್ ಗಡಿಯಾರ "ಈಗ ಎಷ್ಟು?" ಅನ್ನೋದಕ್ಕೆ ಉತ್ತರ ಕೊಡುತ್ತೆ, ಬಹಳ ಚೆನ್ನಾಗಿಯೇ ಕೊಡುತ್ತೆ. "ಇನ್ನೂ ಎಷ್ಟಿದೆ?" ಅನ್ನೋದಕ್ಕೆ ಕೊಡಲ್ಲ. ಒಂಬತ್ತೂವರೆಗೆ ಶುರುವಾದ ಮೂರು ಗಂಟೆಯ ಸೆಮಿಸ್ಟರ್ ಪರೀಕ್ಷೆ ನೆನೆಸ್ಕೊಳ್ಳಿ. ಐದು ಮಾಡ್ಯೂಲು, ಒಂದೊಂದಕ್ಕೆ 36 ನಿಮಿಷ. ತಲೆ ಎತ್ತಿದಾಗ 10:47 ಅಂತ ಕಂಡ್ರೆ 12:30ಕ್ಕೆ ಎಷ್ಟಿದೆ ಅಂತ 60ರ ಲೆಕ್ಕದಲ್ಲಿ ಕಳೆಯಬೇಕು, ಅದೂ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಮಧ್ಯದಲ್ಲಿ. ಮುಳ್ಳಿನ ಗಡಿಯಾರದಲ್ಲಿ ಕಳೆಯೋದು ಏನಿಲ್ಲ. ಉಳಿದ ಹೊತ್ತು ಕತ್ತರಿಸಿಟ್ಟ ಹೋಳಿನ ಹಾಗೆ ಕಣ್ಣೆದುರಿಗೇ ಇರುತ್ತೆ. ನೀಟ್ ಪರೀಕ್ಷೆಗಂತೂ ಯಾವ ವಾಚನ್ನೂ ಕಟ್ಟಿಕೊಂಡು ಹೋಗೋ ಹಾಗಿಲ್ಲ, ಕೋಣೆಯ ಗಡಿಯಾರವೇ ಗತಿ. ಅದಕ್ಕಿಂತ ಮುಖ್ಯವಾಗಿ, ಏಳು ವರ್ಷದ ಮಗುವಿಗೆ 60ರ ಲೆಕ್ಕದಲ್ಲಿ ಕಳೆಯೋಕೆ ಬರಲ್ಲ. ಮೆಸ್ಸಿನ ಆ ಪುಟ್ಟಿ ಅವತ್ತು ಸಂಜೆ ಕಳೆಯುವ ಲೆಕ್ಕ ಮಾಡಲಿಲ್ಲ. ಎರಡರಿಂದ ಎಂಟಕ್ಕೆ ಮುಳ್ಳು ಎಷ್ಟು ದೂರ ಬಂತು ಅಂತ ಬರೀ ನೋಡಿದಳು.

ಇನ್ನು 60 ಯಾಕೆ ಅನ್ನೋದಕ್ಕೂ ಗಡಿಯಾರದ ಮುಖದಲ್ಲೇ ಉತ್ತರ ಇದೆ. ಬ್ಯಾಬಿಲೋನಿಯನ್ನರು ಎಣಿಸುತ್ತಿದ್ದದ್ದೇ 60ರ ಲೆಕ್ಕದಲ್ಲಿ. ನಮ್ಮ ಪಂಚಾಂಗದಲ್ಲೂ ಒಂದು ದಿನಕ್ಕೆ 60 ಗಳಿಗೆ, ಒಂದು ಗಳಿಗೆಗೆ 24 ನಿಮಿಷ. 60 ಅನ್ನು 2, 3, 4, 5, 6 ಎಲ್ಲವೂ ಶೇಷ ಇಲ್ಲದೆ ಭಾಗಿಸುತ್ತವೆ. ಅರ್ಧ, ಕಾಲು, ಮೂರನೇ ಒಂದು ಭಾಗ ಎಲ್ಲ ಪೂರ್ಣ ಸಂಖ್ಯೆಗಳಾಗೇ ಬರುತ್ತವೆ. ಭಿನ್ನರಾಶಿ, ಕೋನ, ಮಗ್ಗಿ, ಗೇರ್ ಅನುಪಾತ ಇಷ್ಟನ್ನೂ ಒಂದೇ ಕಡೆ ತೋರಿಸುವ, ಎಲ್ಲರ ಮನೆ ಗೋಡೆ ಮೇಲೂ ಇರುವ, ಕರೆಂಟ್ ಹೋದರೂ ನಡೆಯುವ ಇನ್ನೊಂದು ಪಾಠೋಪಕರಣ ನಮಗೆ ಗೊತ್ತಿಲ್ಲ.

ವೈದ್ಯರು ಈ ಚಿತ್ರವನ್ನು ಇನ್ನೊಂದು ಕೆಲಸಕ್ಕೂ ಬಳಸ್ತಾರೆ. ವಯಸ್ಸಾದವರಿಗೆ ಮರೆವಿನ ಕಾಯಿಲೆ ಇದೆಯಾ ಅಂತ ಪರೀಕ್ಷಿಸುವಾಗ ಒಂದು ಹಾಳೆ ಕೊಟ್ಟು ಗಡಿಯಾರ ಬರೆದು ಹನ್ನೊಂದೂ ಹತ್ತು ತೋರಿಸಿ ಅಂತಾರೆ. ಅಂಕಿಗಳನ್ನು ಸುತ್ತ ಸರಿಯಾಗಿ ಹಂಚೋದು, "ಹತ್ತು ನಿಮಿಷ" ಅಂದ್ರೆ ಮುಳ್ಳು ಹತ್ತರ ಮೇಲಲ್ಲ, ಎರಡರ ಮೇಲೆ ಅಂತ ನೆನಪಿಟ್ಟುಕೊಳ್ಳೋದು, ಎಲ್ಲಕ್ಕೂ ಮಿದುಳಿನ ಬೇರೆ ಬೇರೆ ಶಕ್ತಿಗಳು ಒಟ್ಟಿಗೆ ಕೆಲಸ ಮಾಡಬೇಕು. ಮಕ್ಕಳಿಗೆ ಇದು ಕಷ್ಟ ಯಾಕೆ ಅಂತ ಇದರಿಂದಲೂ ಗೊತ್ತಾಗುತ್ತೆ. ನಮ್ಮ ಎಐ ಗೆಳೆಯನಿಗೂ ಇದು ಸುಲಭ ಇಲ್ಲ. ಚಿತ್ರ ಬರೆಯುವ ಎಐಗೆ ಮೂರೂಕಾಲು ತೋರಿಸೋ ಗಡಿಯಾರ ಬರಿ ಅಂದ್ರೆ ಹತ್ತೂಹತ್ತು ಬರೆದುಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಯಾಕಂದ್ರೆ ಅದು ನೋಡಿ ಕಲಿತದ್ದು ವಾಚ್ ಜಾಹೀರಾತುಗಳನ್ನ, ಅವುಗಳಲ್ಲಿ ಮುಳ್ಳುಗಳು ಸಾಮಾನ್ಯವಾಗಿ ಹತ್ತೂಹತ್ತರಲ್ಲೇ ಇರುತ್ತವೆ. ನೋಡಿದ ಚಿತ್ರವನ್ನು ಬಾಯಿಪಾಠ ಮಾಡೋದಕ್ಕೂ ಮುಳ್ಳುಗಳ ನಡುವಿನ ಸಂಬಂಧ ತಿಳಿಯೋದಕ್ಕೂ ವ್ಯತ್ಯಾಸ ಏನು ಅಂತ ತೋರಿಸೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಸರಿ, ಕಲಿಸೋದು ಹೇಗೆ? ನಾವು ಮಾಡಿದ್ದನ್ನ ಕ್ರಮವಾಗಿ ಹೇಳ್ತೀವಿ.

ಮೊದಲು, ರಟ್ಟಿನ ಗಡಿಯಾರ ಬೇಡ. ನಿಜವಾದ ಗೋಡೆ ಗಡಿಯಾರವೇ ಬೇಕು, ಹಳೆಯದಾದರೂ ಸರಿ. ಗಾಜು ತೆಗೆದು ಚಿಕ್ಕ ಮುಳ್ಳೊಂದನ್ನು ಬಿಟ್ಟು ಉಳಿದದ್ದು ಎತ್ತಿಡಿ. ಎರಡು ಮೂರು ದಿನ ಅದನ್ನೇ ಓದಲಿ. ಯಾವ ಮನೆಯಲ್ಲಿದೆ, ಮನೆಯೊಳಗೆ ಕಾಲು ದಾರಿಯಾ, ಅರ್ಧವಾ, ಮುಕ್ಕಾಲಾ, ಅಷ್ಟೇ ಪ್ರಶ್ನೆ. ಸ್ಕೂಲ್ ವ್ಯಾನ್ ಬರೋ ಹೊತ್ತು, ಊಟದ ಹೊತ್ತು, ಕಾರ್ಟೂನ್ ಹೊತ್ತು ಅಂತ ದಿನದ ಕೆಲಸಕ್ಕೆ ಜೋಡಿಸಿ.

ಆಮೇಲೆ ಚಿಕ್ಕ ಮುಳ್ಳನ್ನು ಒಂದು ಅಂಕಿಯ ಮೇಲೆ ಸರಿಯಾಗಿ ನಿಲ್ಲಿಸಿ ದೊಡ್ಡ ಮುಳ್ಳನ್ನು ಹನ್ನೆರಡಕ್ಕೆ ಕೂರಿಸಿ. ಇಲ್ಲಿ ಅಂದಾಜಿಗೆ ಕೂರಿಸಿದ್ರೆ ಗಡಿಯಾರವೇ ಸುಳ್ಳು ಹೇಳುತ್ತೆ. ಈಗ ಹಿಂದಿನ ತಿರುಪನ್ನು ಮಗುವಿನ ಕೈಗೇ ಕೊಡಿ. ದೊಡ್ಡದು ಇಡೀ ಸುತ್ತು ಬಂದಾಗ ಚಿಕ್ಕದು ಒಂದೇ ಮನೆ ದಾಟೋದನ್ನ ಅದೇ ಕಂಡುಕೊಳ್ಳಲಿ. ನೀವು ಬಾಯಿ ಬಿಡಬೇಡಿ. ಕಷ್ಟ, ಆದರೂ ಬಿಡಬೇಡಿ.

ಮೂರನೆಯದು ಐದರ ಮಗ್ಗಿ. ಸಣ್ಣ ಸ್ಟಿಕ್ಕರ್‌ಗಳಲ್ಲಿ 5, 10, 15 ಅಂತ ಬರೆದು ಅಂಕಿಗಳ ಹೊರಗೆ ಅಂಟಿಸಿ. ಒಂದು ವಾರ ಆದ ಮೇಲೆ ದಿನಕ್ಕೊಂದು ಸ್ಟಿಕ್ಕರ್ ಕಿತ್ತುಬಿಡಿ. "ಹತ್ತಕ್ಕೆ ಇನ್ನೂ ಐದು ನಿಮಿಷ ಇದೆ" ಅನ್ನೋ ಥರದ ಮಾತು ಕನ್ನಡದಲ್ಲೂ ಇದೆ, ಅದನ್ನ ಇಲ್ಲಿಗೆ ಬಂದ ಮೇಲೆ ಕಲಿಸಿ, ಮೊದಲೇ ಬೇಡ. "ಕ್ವಾರ್ಟರ್ ಟು"ವನ್ನೂ ಇಲ್ಲೇ ಸೇರಿಸಿ, ಸ್ಕೂಲಿನಲ್ಲಿ ಹೇಗೂ ಕೇಳ್ತಾರೆ. ಒಂಬತ್ತೂಮುಕ್ಕಾಲು ಗಟ್ಟಿಯಾಗಿ ಗೊತ್ತಿರೋ ಮಗುವಿಗೆ ಅದು ಇನ್ನೊಂದು ಹೆಸರು ಅಷ್ಟೇ.

ಕೊನೆಯದು ನಮಗೆ, ಅಂದ್ರೆ ದೊಡ್ಡವರಿಗೆ. ಇನ್ನು ಮೇಲೆ "ಐದು ನಿಮಿಷ" ಅಂದ್ರೆ ಐದೇ ನಿಮಿಷ. ಆಗಲ್ಲ ಅಂದ್ರೆ ಮುಳ್ಳು ಎಲ್ಲಿಗೆ ಬಂದಾಗ ಆಗುತ್ತೆ ಅಂತ ಹೇಳಿ. ಕಲಿಸಿದವರೇ ಲೆಕ್ಕ ತಪ್ಪಿಸಿದ್ರೆ ಮಗು ಗಡಿಯಾರವನ್ನೂ ನಂಬಲ್ಲ, ನಮ್ಮನ್ನೂ ನಂಬಲ್ಲ.

ಕನ್ನಡದ ನೆಲಕ್ಕೆ ಗಡಿಯಾರ ಹೊಸದೇನಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಕಟ್ಟಿದ ಮೈಸೂರಿನ ದೊಡ್ಡ ಗಡಿಯಾರದ ಮುಖದ ಮೇಲೆ ಇವತ್ತಿಗೂ ಕನ್ನಡ ಅಂಕಿಗಳಿವೆ. ಮೈಸೂರಿನ ಗೆಳೆಯರು ಮುಂದಿನ ಸಲ ಆ ಕಡೆ ಹೋದಾಗ ಮನೆಯ ಚಿಕ್ಕ ಮಕ್ಕಳನ್ನೂ ಕರ್ಕೊಂಡು ಹೋಗಿ ತೋರಿಸಿ. ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರು ಮಾಡಿದ್ದು 1961ರಲ್ಲಿ. ಅಲ್ಲಿಂದ ಮುಂದೆ ದಶಕಗಳ ಕಾಲ ದೇಶದ ಎಷ್ಟೋ ಮಣಿಕಟ್ಟುಗಳ ಮೇಲೆ ಓಡಿದ ಹೊತ್ತು ನಮ್ಮ ಊರಿನದು. 2016ರಲ್ಲಿ ಆ ವಾಚ್ ಕಂಪನಿ ಮುಚ್ಚುವ ತೀರ್ಮಾನ ಆಯ್ತು. ಕಾರ್ಖಾನೆ ಉಳಿಸೋದು ನಮ್ಮ ಕೈಲಿರಲಿಲ್ಲ. ಓದುವ ಅಭ್ಯಾಸ ಉಳಿಸೋದು ಕೈಲಿದೆ.

ಸೆಮಿಸ್ಟರ್ ಮುಗಿದ ಮೇಲೆ ಎಲ್ಲರಿಗೂ ಎರಡು ಮೂರು ವಾರ ರಜೆ ಸಿಗುತ್ತೆ. ಊರಲ್ಲಿ ಅಕ್ಕನ ಮಗನೋ, ಚಿಕ್ಕಪ್ಪನ ಮಗಳೋ, ಪಕ್ಕದ ಮನೆ ಪುಟ್ಟನೋ ಯಾರಾದರೊಬ್ಬರು ಆರೇಳು ವರ್ಷದವರು ಇದ್ದೇ ಇರ್ತಾರೆ. ದಿನಕ್ಕೆ ಹತ್ತು ನಿಮಿಷ ಸಾಕು, ಅದೂ ನಿಜವಾದ ಹತ್ತು ನಿಮಿಷ. ಗೋಡೆ ಮೇಲಿನ ಗಡಿಯಾರ ಇಳಿಸಿ ಧೂಳು ಒರೆಸಿ, ಮೊದಲು ದೊಡ್ಡ ಮುಳ್ಳು ತೆಗೆದಿಡಿ. ಮನೆಯಲ್ಲಿ ಯಾರಾದರೂ "ಗಡಿಯಾರ ಯಾಕೋ ಬಿಚ್ತಾ ಇದ್ದೀಯ?" ಅಂತ ಕೇಳಿದ್ರೆ ಎಂಜಿನಿಯರಿಂಗ್ ಓದ್ತಾ ಇದ್ದೀವಿ ಅಂತ ಹೇಳಿ.